ದೇಶಭೇದದಿಂದ ಅರ್ಥಭೇದ: ಮೆಣಸು, ಜೋಳ, ಪಲ್ಯ

ಊಟಕ್ಕೆ ಕುಳಿತವನು ‘ಸೈಂಧವವನ್ನು ತಾ’ ಎಂದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನೂ ತರಬೇಕೆಂಬುದು ಶಾಸ್ತ್ರಾಭ್ಯಾಸಿಗಳಿಗೆ ಚಿರಪರಿಚಿತವಾದ ನಿದರ್ಶನ. ಅನೇಕಾರ್ಥಗಳುಳ್ಳ ಶಬ್ದಕ್ಕೆ ಪ್ರಕರಣವೇ ಅರ್ಥವನ್ನು ನಿಶ್ಚಯಿಸುತ್ತದೆ. ಆದರೆ ಎರಡು ಅರ್ಥಗಳೂ ಒಂದೇ ಅಡುಗೆಮನೆಯಲ್ಲಿ ಸೇರಿಕೊಂಡಿದ್ದರೆ ಪ್ರಕರಣವೇನು ಮಾಡೀತು? ಆಗ ವಿಚಾರಿಸಬೇಕಾದುದು ನುಡಿದವರ ಸೀಮೆಯನ್ನು. ಭರ್ತೃಹರಿಯು ವಾಕ್ಯಪದೀಯದಲ್ಲಿ ಅರ್ಥನಿರ್ಣಯದ ಸಾಧನಗಳನ್ನು ಹೇಳುವಾಗ ದೇಶವನ್ನೂ ಎಣಿಸಿರುವುದು ಇಲ್ಲಿ ಸ್ಮರಣೀಯ.

ಚನ್ನರಾಯಪಟ್ಟಣವು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಈ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬೆಳಗಾವಿ, ಧಾರವಾಡಗಳ ಕಡೆಯ ಯಾತ್ರಿಕರು ಬರುತ್ತಾರೆ. ಹೀಗಾಗಿ ಮೂರು ಸೀಮೆಗಳ ಕನ್ನಡವು ಇಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದುಂಟು.

ಹಾಸನ ಸೀಮೆಯಲ್ಲಿ ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕರಿಯ ಕಾಳು. ಗಿಡದಲ್ಲಿ ಬಿಡುವುದು ಮೆಣಸಿನಕಾಯಿ. ಘಟ್ಟವನ್ನಿಳಿದರೆ ಮೆಣಸು ಎಂದರೆ ಮೆಣಸಿನಕಾಯಿಯೇ. ಕಾಳಿಗೆ ‘ಒಳ್ಳೆಮೆಣಸು’ ಎನ್ನಬೇಕು. ತುಳುವಿನಲ್ಲಿಯೂ ಅದು ‘ಎಡ್ಡೆ ಮುಂಚಿ’. ನೆಗಡಿಯ ಕಷಾಯಕ್ಕೆ ‘ಹತ್ತು ಮೆಣಸು ಕುಟ್ಟಿ ಹಾಕು ತಾಯಿ’ ಎಂದು ಇಲ್ಲಿಯ ಅಜ್ಜಿಯೊಬ್ಬರು ಮಂಗಳೂರಿನ ಸೊಸೆಗೆ ಹೇಳಿದರೆ, ಆ ಕಷಾಯವನ್ನು ಕುಡಿಯುವ ಮಗುವಿನ ಪಾಡೇನು!

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಮೆಣಸಿನಕಾಯಿಯ ಮೂಲನೆಲೆ ಅಮೆರಿಕ. 1492ರಲ್ಲಿ ಕೊಲಂಬಸನು ಕರಿಮೆಣಸನ್ನು ಅರಸುತ್ತ ಹೊರಟು ಈ ಕಾಯಿಯನ್ನು ಕಂಡನು. ಪೋರ್ಚುಗೀಸರ ಮೂಲಕ ಅದು ನಮ್ಮ ಕರಾವಳಿಗೆ ಬಂದಿತು. ಹೊಸ ವಸ್ತುವಿಗೆ ಹಳೆಯ ಹೆಸರು ದೊರೆಯಿತು. ಒಳನಾಡು ‘ಕಾಯಿ’ ಎಂಬುದನ್ನು ಸೇರಿಸಿ ಭೇದವನ್ನು ಕಾಯ್ದುಕೊಂಡಿತು. ಕರಾವಳಿಯಲ್ಲಿ ಬಂದ ಅತಿಥಿಯೇ ಹೆಸರಿನ ಒಡೆಯನಾಗಿ, ಮನೆಯ ಯಜಮಾನನು ವಿಶೇಷಣವನ್ನು ಹೊರಬೇಕಾಯಿತು. ಇಂಗ್ಲಿಷಿನ ‘ಪೆಪ್ಪರ್’ ಶಬ್ದವೂ ಇಂದಿಗೂ ಕಾಳು, ಕಾಯಿ ಎರಡನ್ನೂ ಹೇಳುತ್ತದೆ.

ಜೋಳದ ಕಥೆ ಇನ್ನೂ ಸ್ವಾರಸ್ಯಕರ. ಧಾರವಾಡದವರಿಗೆ ಜೋಳವೆಂದರೆ ರೊಟ್ಟಿಯ ಬಿಳಿಜೋಳ. ರಾಗಿಯನ್ನುಂಡು ಬೆಳೆದ ಇಲ್ಲಿಯ ಬಾಲಕನಿಗೆ ಅದು ತೆನೆ ಸುಟ್ಟು ತಿನ್ನುವ ಮುಸುಕಿನಜೋಳ. ಅವರು ಅದನ್ನು ಗೋವಿನಜೋಳ ಎನ್ನುವರು. ಇಂಗ್ಲಿಷಿನ ‘ಕಾರ್ನ್’ ಶಬ್ದಕ್ಕೂ ಇದೇ ಗತಿಯಾಗಿದೆ. ಇಂಗ್ಲೆಂಡಿನ ರೂಢಿಯಲ್ಲಿ ಅದು ಗೋಧಿ, ಬಾರ್ಲಿ ಮೊದಲಾದ ಧಾನ್ಯಗಳ ಹೆಸರು. ಅಮೆರಿಕಕ್ಕೆ ಹೋಗಿ ನೆಲಸಿದವರು ಅಲ್ಲಿಯ ಮುಸುಕಿನಜೋಳವನ್ನು ‘ಇಂಡಿಯನ್ ಕಾರ್ನ್’ ಎಂದರು. ಕಾಲಕ್ರಮದಲ್ಲಿ ಮೊದಲ ಪದವು ಉದುರಿಹೋಯಿತು. ಇದನ್ನರಿಯದೆ 1846ರಲ್ಲಿ ರದ್ದಾದ ಇಂಗ್ಲೆಂಡಿನ ಕಾರ್ನ್ ಕಾನೂನುಗಳನ್ನು ಮುಸುಕಿನಜೋಳದ ಕಾನೂನುಗಳೆಂದು ಪಾಠ ಹೇಳಿದರೆ ಚರಿತ್ರೆಯೇ ತಲೆಕೆಳಗಾಗುತ್ತದೆ. ಕೀಟ್ಸ್ ಕವಿಯ ನೈಟಿಂಗೇಲ್ ಕವಿತೆಯಲ್ಲಿ ರೂತಳು ಕಣ್ಣೀರಿಡುತ್ತ ನಿಂತುದೂ ಮುಸುಕಿನಜೋಳದ ಹೊಲದಲ್ಲಲ್ಲ. ಆಕೆಯ ಕಾಲದಲ್ಲಿ ಆ ಬೆಳೆಯು ಸಮುದ್ರದಾಚೆಯೇ ಇದ್ದಿತು.

ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ‘ಪ್ರಸಾದವಾಯಿತೇ?’ ಎಂದರೆ ಹೊಟ್ಟೆ ತುಂಬ ಊಟವಾಯಿತೇ ಎಂದರ್ಥ. ಅನ್ಯತ್ರ ಅದು ಅಂಗೈಯಗಲದ್ದು.

ಇನ್ನು ಪಲ್ಯ. ಇಲ್ಲಿ ಅದು ಒಗ್ಗರಣೆ ಹಾಕಿ ಬೇಯಿಸಿದ ವ್ಯಂಜನ. ಉತ್ತರದ ಸೀಮೆಯಲ್ಲಿ ಸಂತೆಯಿಂದ ತಂದ ಹಸಿಯ ಸೊಪ್ಪೂ ಪಲ್ಲೆಯೇ, ತರಕಾರಿಯು ಕಾಯಿಪಲ್ಲೆ. ಆ ಕಡೆಯಿಂದ ಬಂದು ಇಲ್ಲಿ ಓದುವ ಹುಡುಗನು ‘ಪಲ್ಯ’ ಎಂಬುದಕ್ಕೆ ‘ಸೊಪ್ಪು’ ಎಂದು ಅರ್ಥ ಬರೆದಾಗ, ಉಪಾಧ್ಯಾಯರು ಕೆಂಪು ಶಾಯಿಯ ಗೆರೆಯನ್ನೆಳೆಯುವ ಮೊದಲು ಅವನ ಊರು ಯಾವುದೆಂದು ಕೇಳತಕ್ಕದ್ದು.