ಹಿತ್ತಲಿಗೆ ಯಾವ ಸೆಣಬು? ಭಂಗಿ ಗಿಡದ ವಿಚಾರದಲ್ಲಿ ರೈತರು ತಿಳಿದಿರಬೇಕಾದ ಸಂಗತಿಗಳು



ಕೃಷಿ ಮೇಳವೊಂದರಲ್ಲಿ ಯುವ ರೈತರೊಬ್ಬರು ನಮ್ಮ ಮಳಿಗೆಗೆ ಬಂದು, ಉಳಿದವರೆಲ್ಲ ಹೋಗುವವರೆಗೆ ಕಾದಿದ್ದು, ಮೆಲುದನಿಯಲ್ಲಿ ಒಂದು ಪ್ರಶ್ನೆ ಕೇಳಿದರು. ಅವರ ಸಂಬಂಧಿಕರೊಬ್ಬರು ಕೆನಡಾದಲ್ಲಿದ್ದಾರೆ. ಅಲ್ಲಿ ಮನೆಯಲ್ಲಿಯೇ ನಾಲ್ಕು ಗಾಂಜಾ ಗಿಡ ಬೆಳೆದು, ಅವುಗಳ ಚಿತ್ರ ಕಳುಹಿಸಿದ್ದರು. “ಇದು ಇಂಡಿಕಾ ತಳಿಯಂತೆ ಸಾರ್. ಕುಳ್ಳ ಗಿಡ, ಬೇಗ ಹೂವಿಗೆ ಬರುತ್ತದೆ, ಏನೂ ತಿಳಿಯದವರೂ ಬೆಳೆಯಬಹುದಂತೆ. ಹೆಂಪ್ ಬೆಳೆಗೆ ನಮ್ಮ ಸರ್ಕಾರವೂ ಅನುಮತಿ ಕೊಟ್ಟಿದೆ ಎನ್ನುತ್ತಾರೆ. ಹಿತ್ತಲಲ್ಲಿ ಎರಡು ಗುಂಟೆ ಖಾಲಿ ಇದೆ. ಬೇಸಾಯ ಕ್ರಮ ತಿಳಿಸಿ” ಎಂದರು.

ಅವರು ಕೆಟ್ಟ ಉದ್ದೇಶದಿಂದ ಕೇಳಿದವರಲ್ಲ. ಅರ್ಧ ತಿಳಿವಳಿಕೆಯಿಂದ ಕೇಳಿದವರು. ಇದೇ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿ ಇರಬಹುದಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಉತ್ತರಿಸುತ್ತಿದ್ದೇನೆ.

‘ಇಂಡಿಕಾ’ ಎಂದರೇನು?

ಗಾಂಜಾ, ಭಂಗಿ, ಚರಸ್ ಇವೆಲ್ಲವೂ ಒಂದೇ ಗಿಡದ ಬೇರೆ ಬೇರೆ ಭಾಗಗಳಿಂದ ಬರುವ ವಸ್ತುಗಳು. ಹೆಣ್ಣು ಗಿಡದ ಹೂಗೊಂಚಲು ಗಾಂಜಾ, ಎಲೆ ಭಂಗಿ, ಅಂಟಾದ ರಾಳ ಚರಸ್. ಗಿಡದ ಶಾಸ್ತ್ರೀಯ ಹೆಸರು ಕ್ಯಾನಬಿಸ್. ಲಿನೇಯಸ್ ಎಂಬ ಸಸ್ಯಶಾಸ್ತ್ರಜ್ಞ 1753ರಲ್ಲಿ ಯುರೋಪಿನ ನಾರಿನ ಬೆಳೆಗೆ ‘ಕ್ಯಾನಬಿಸ್ ಸಟೈವಾ’ ಎಂದು ಹೆಸರಿಟ್ಟನು. ಫ್ರಾನ್ಸಿನ ಲಾಮಾರ್ಕ್ 1785ರಲ್ಲಿ, ಭಾರತದಿಂದ ಹೋದ ಮಾದರಿಗಳನ್ನು ನೋಡಿ, ಇದು ಬೇರೆಯೇ ಜಾತಿ ಎಂದು ತೀರ್ಮಾನಿಸಿ ‘ಕ್ಯಾನಬಿಸ್ ಇಂಡಿಕಾ’ ಎಂದನು. ಹೀಗೆ ನಮ್ಮ ದೇಶದ ಹೆಸರು ಈ ಗಿಡಕ್ಕೆ ಅಂಟಿಕೊಂಡಿತು.

ಇಂದು ಬೀಜ ಮಾರುವವರು ‘ಇಂಡಿಕಾ’ ಎನ್ನುವುದು ಲಾಮಾರ್ಕ್ ನೋಡಿದ ಗಿಡವನ್ನಲ್ಲ. ಅಫ್ಘಾನಿಸ್ತಾನದ ಹಿಂದೂಕುಶ್ ಬೆಟ್ಟಗಳ ಕಡೆಯ ಕುಳ್ಳಾದ, ಪೊದೆಯಂತೆ ಹರಡುವ, ಅಗಲ ಎಲೆಯ ಗಿಡಗಳ ರಕ್ತ ಹೆಚ್ಚಾಗಿರುವ ಸಂಕರಣಗಳಿಗೆ ಈಗ ಆ ಹೆಸರು ಬಳಕೆಯಲ್ಲಿದೆ. ಅಲ್ಲಿನ ಬೇಸಿಗೆ ಕಿರಿದು. ಆದ್ದರಿಂದ ಆ ಗಿಡಗಳು ಬೇಗ ಹೂಬಿಡುವ ಗುಣ ಪಡೆದಿವೆ. ‘ಸುಲಭ ತಳಿ’ ಎಂಬ ಹೊಗಳಿಕೆಯ ಮೂಲ ಇದೇ. ಆದರೆ ಚೀಟಿಯ ಮೇಲೆ ‘ಇಂಡಿಕಾ’ ಎಂದಿದ್ದರೆ ಒಳಗಿನ ಬೀಜವೂ ಹಾಗೆಯೇ ಇರುತ್ತದೆ ಎಂಬ ಭರವಸೆಯಿಲ್ಲ. ನೂರಕ್ಕೂ ಹೆಚ್ಚು ಮಾದರಿಗಳ ವಂಶವಾಹಿಗಳನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಚೀಟಿಯ ಹೆಸರಿಗೂ ಗಿಡದ ವಂಶಕ್ಕೂ ಸರಿಯಾದ ಹೊಂದಾಣಿಕೆ ಕಂಡುಬರಲಿಲ್ಲ.

ಬೆಳೆಸುವುದು ಸುಲಭ, ಹಿಡಿತದಲ್ಲಿಡುವುದು ಕಷ್ಟ

ಈ ಗಿಡ ಕಳೆಯಂತೆ ಬೆಳೆಯುತ್ತದೆ ಎಂಬುದು ನಿಜ. ಹಿಮಾಲಯದ ತಪ್ಪಲಿನಲ್ಲಿ ರಸ್ತೆಯ ಬದಿಯಲ್ಲಿಯೂ ತಾನಾಗಿಯೇ ಹುಟ್ಟಿ ನಿಂತಿರುತ್ತದೆ. ತೊಂದರೆ ಇರುವುದು ಬೆಳೆಸುವುದರಲ್ಲಲ್ಲ, ಬೆಳೆದದ್ದು ಯಾವುದು ಎಂದು ತಿಳಿಯುವುದರಲ್ಲಿ.

ಪಪಾಯಿಯಲ್ಲಿ ಇರುವಂತೆ ಇದರಲ್ಲಿಯೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಪರಾಗಸ್ಪರ್ಶ ಗಾಳಿಯಿಂದ ಆಗುತ್ತದೆ, ಪರಾಗ ಬಹು ದೂರ ಹಾರಬಲ್ಲದು. ಆದ್ದರಿಂದ ಒಂದು ಗಿಡದ ಬೀಜ ಮುಂದಿನ ವರ್ಷ ತಾಯಿಯಂತೆಯೇ ಬರುತ್ತದೆ ಎನ್ನಲಾಗದು. ಮತ್ತು ತರುವ ರಾಸಾಯನಿಕದ ಹೆಸರು ಟೆಟ್ರಾಹೈಡ್ರೋಕ್ಯಾನಬಿನಾಲ್, ಚಿಕ್ಕದಾಗಿ ಟಿ.ಎಚ್.ಸಿ. ಇದನ್ನು ಇಸ್ರೇಲಿನ ಮೆಕೊಲಮ್ ಮತ್ತು ಗಾವೋನಿ ಎಂಬ ವಿಜ್ಞಾನಿಗಳು 1964ರಲ್ಲಿ ಶುದ್ಧ ರೂಪದಲ್ಲಿ ಬೇರ್ಪಡಿಸಿ ರಚನೆಯನ್ನು ತಿಳಿಸಿದರು. ನಾರಿಗಾಗಿ ಬೆಳೆಯುವ ಹೆಂಪ್‌ನಲ್ಲಿ ಇದು ಅತ್ಯಲ್ಪ, ಮಾದಕ ತಳಿಗಳಲ್ಲಿ ಬಹಳ ಹೆಚ್ಚು. ಎರಡೂ ಗಿಡಗಳು ಒಂದೇ ಕುಲಕ್ಕೆ ಸೇರಿದವು. ಹೊಲದ ಬದುವಿನಲ್ಲಿ ನಿಂತು ನೋಡಿ ಇದರಲ್ಲಿ ಎಷ್ಟಿದೆ, ಅದರಲ್ಲಿ ಎಷ್ಟಿದೆ ಎಂದು ಹೇಳಲು ನನಗೂ ಸಾಧ್ಯವಿಲ್ಲ, ನಿಮಗೂ ಸಾಧ್ಯವಿಲ್ಲ. ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಕಾನೂನು ಏನು ಹೇಳುತ್ತದೆ?

ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಅದನ್ನು ನಿಷೇಧಿಸದ ಪ್ರಾಂತಗಳಲ್ಲಿ, ಮನೆಯೊಂದಕ್ಕೆ ನಾಲ್ಕು ಗಿಡ ಬೆಳೆಯಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ವಯಸ್ಕರೊಬ್ಬರಿಗೆ ಮೂರು ಗಿಡಗಳ ಅವಕಾಶವಿದೆ. ‘ಮನೆಯಲ್ಲಿ ಸುಲಭವಾಗಿ ಬೆಳೆಯಿರಿ’ ಎಂಬ ಮಾತುಗಳು ಹುಟ್ಟುವುದು ಅಂತಹ ದೇಶಗಳಲ್ಲಿ. ಆ ಮಾತು ನಮ್ಮ ಹೊಲಕ್ಕೆ ಅನ್ವಯಿಸುವುದಿಲ್ಲ.

ನಮ್ಮ ದೇಶದಲ್ಲಿ 1985ರ ಎನ್.ಡಿ.ಪಿ.ಎಸ್. ಕಾಯ್ದೆ ಜಾರಿಯಲ್ಲಿದೆ. ಅದರ 8ನೆಯ ಕಲಮು ಕ್ಯಾನಬಿಸ್ ಕುಲದ ಯಾವುದೇ ಗಿಡದ ಬೇಸಾಯವನ್ನು ಪರವಾನಗಿಯಿಲ್ಲದೆ ಮಾಡಕೂಡದೆಂದು ನಿಷೇಧಿಸುತ್ತದೆ. 20ನೆಯ ಕಲಮಿನಂತೆ ಬೇಸಾಯ ಮಾಡಿದವರಿಗೆ 10 ವರ್ಷದವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇಲ್ಲಿ ಮೂರು ಅಂಶಗಳನ್ನು ಗಮನಿಸಿ.

ಮೊದಲನೆಯದು: ಗಾಂಜಾ ಇಟ್ಟುಕೊಂಡವರ ವಿಚಾರದಲ್ಲಿ ತೂಕಕ್ಕೆ ತಕ್ಕಂತೆ ಶಿಕ್ಷೆ ಬದಲಾಗುತ್ತದೆ. ಬೇಸಾಯದ ಅಪರಾಧಕ್ಕೆ ಅಂತಹ ಅಳತೆಗಳಿಲ್ಲ. “ನಾಲ್ಕೇ ಗಿಡ” ಎಂಬುದು ಅಪರಾಧವನ್ನು ಅಳಿಸುವುದಿಲ್ಲ.

ಎರಡನೆಯದು: ಎಲೆಗೆ ಅಡ್ಡಿಯಿಲ್ಲ, ಹೂವಿಗೆ ಮಾತ್ರ ನಿಷೇಧ ಎಂದು ಕೆಲವರು ವಾದಿಸುತ್ತಾರೆ. ಕಾಯ್ದೆಯಲ್ಲಿ ಗಾಂಜಾ ಎಂಬ ಪದದ ಅರ್ಥವಿವರಣೆಯು ಹೂಗೊಂಚಲಿಗೆ ಸೀಮಿತವಾಗಿರುವುದು ನಿಜ. ಆದರೆ ಗಿಡ ನೆಡುವ ಪ್ರಶ್ನೆ ಬಂದಾಗ ಎಲೆ, ಹೂ ಎಂಬ ಭೇದವಿಲ್ಲ. ಇಡೀ ಗಿಡವೇ ನಿಷಿದ್ಧ.

ಮೂರನೆಯದು: ನಾರು ಮತ್ತು ಬೀಜಕ್ಕಾಗಿ ಬೆಳೆಯಲು ಸರ್ಕಾರ ವಿಶೇಷ ಆದೇಶದ ಮೂಲಕ ಅನುಮತಿ ಕೊಡಬಹುದೆಂದು 14ನೆಯ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡವು 2018ರಲ್ಲಿ ಇಂತಹ ಪರವಾನಗಿ ನೀಡಿತು. ಅಲ್ಲಿ ಟಿ.ಎಚ್.ಸಿ. ಶೇಕಡಾ 0.3ನ್ನು ಮೀರಕೂಡದು. ನಮ್ಮ ಯುವ ರೈತರು ಕೇಳಿದ್ದ ‘ಸರ್ಕಾರದ ಅನುಮತಿ’ ಇದೇ. ಇದು ಪರವಾನಗಿ ಪಡೆದವರಿಗೆ, ತಪಾಸಣೆಗೆ ಒಳಪಟ್ಟ ಬೆಳೆಗೆ ಮಾತ್ರ. ಹಿತ್ತಲಿನ ಬೆಳೆಗೆ ದೇಶದ ಯಾವ ಭಾಗದಲ್ಲಿಯೂ ಇದರಿಂದ ಅನುಮತಿ ದೊರೆಯದು. ಹಾಗೆಯೇ 2021ರಿಂದ ಹೆಂಪ್ ಬೀಜ, ಅದರ ಎಣ್ಣೆ ಮತ್ತು ಹಿಟ್ಟನ್ನು ಆಹಾರವಾಗಿ ಮಾರಲು ನಿಯಮಗಳಿಗೆ ಒಳಪಟ್ಟು ಅವಕಾಶವಿದೆ. ತಿನ್ನಲೆಂದು ಕೊಂಡ ಆ ಬೀಜವನ್ನು ಬಿತ್ತಿದರೆ ಅದು ಬೇಸಾಯವೇ ಆಗುತ್ತದೆ.

ನಿಮ್ಮ ಜಮೀನಿನಲ್ಲಿ ಕಂಡುಬಂದರೆ

ಮೆಕ್ಕೆಜೋಳ, ಅರಿಶಿನ, ತೊಗರಿ ಬೆಳೆಗಳ ನಡುವೆ ಗಾಂಜಾ ಗಿಡಗಳು ಸಿಕ್ಕಿ ರೈತರು ಬಂಧನಕ್ಕೊಳಗಾದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಬಹಳ ಸಲ ಲಾಭದ ಆಸೆ ತೋರಿಸಿದವನು ದೂರದಲ್ಲಿರುತ್ತಾನೆ, ಪಹಣಿಯಲ್ಲಿ ಹೆಸರಿದ್ದವರು ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ.

ಜಮೀನನ್ನು ಪಾಲಿಗೋ ಗುತ್ತಿಗೆಗೋ ಕೊಟ್ಟು ಊರು ಬಿಟ್ಟವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಕಾಯ್ದೆಯ 46ನೆಯ ಕಲಮಿನಂತೆ, ತನ್ನ ಭೂಮಿಯಲ್ಲಿ ಅಕ್ರಮವಾಗಿ ಈ ಗಿಡ ಬೆಳೆದಿರುವುದು ತಿಳಿದ ಕೂಡಲೇ ಪೊಲೀಸ್ ಅಥವಾ ಅಬಕಾರಿ ಇಲಾಖೆಯಂತಹ ಅಧಿಕಾರಿಗಳಿಗೆ ತಿಳಿಸುವುದು ಭೂಮಿಯ ಹಿಡುವಳಿದಾರನ ಕರ್ತವ್ಯ. ತಿಳಿದೂ ಸುಮ್ಮನಿದ್ದರೆ ಅದೂ ಶಿಕ್ಷಾರ್ಹ. ಆದ್ದರಿಂದ ಬೆಳೆ ನಿಂತಿರುವಾಗ ತಿಂಗಳಿಗೊಮ್ಮೆಯಾದರೂ ಹೊಲದ ಒಳಗೆ ನಡೆದು ನೋಡಿರಿ. ಅನುಮಾನದ ಗಿಡ ಕಂಡರೆ ಕಿತ್ತು ಮನೆಗೆ ತರಬೇಡಿರಿ, ಒಣಗಿಸಬೇಡಿರಿ. ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿಕಾರಿಗಳ ಎದುರಿನಲ್ಲಿಯೇ, ಪಂಚನಾಮೆಯಾದ ನಂತರ, ಗಿಡಗಳು ನಾಶವಾಗಲಿ.

ಹೆಸರಿನ ಗೊಂದಲ, ಗಿಡದ ಗುರುತು

‘ಹೆಂಪ್’ ಎಂಬ ಪದವನ್ನು ವ್ಯಾಪಾರದಲ್ಲಿ ಹತ್ತಾರು ನಾರುಗಳಿಗೆ ಬಳಸಿದ್ದಾರೆ. ನಮ್ಮ ಸೆಣಬು ‘ಸನ್ ಹೆಂಪ್’, ಪುಂಡಿ ‘ಡೆಕ್ಕನ್ ಹೆಂಪ್’, ಕತ್ತಾಳೆ ‘ಸೀಸಲ್ ಹೆಂಪ್’. ಬಾಳೆಯ ಜಾತಿಗೆ ಸೇರಿದ ಒಂದು ಗಿಡದ ನಾರು ‘ಮನಿಲಾ ಹೆಂಪ್’. ಇವುಗಳಲ್ಲಿ ಯಾವುದೂ ಗಾಂಜಾ ಅಲ್ಲ, ಇವನ್ನು ಬೆಳೆಯಲು ಯಾರ ಅಪ್ಪಣೆಯೂ ಬೇಡ. ಗುರುತಿಸುವ ಬಗೆ ಹೀಗೆ:

ಭಂಗಿ ಗಿಡ: ಅಂಗೈಯಿಂದ ಬೆರಳುಗಳು ಹೊರಟಂತೆ ಒಂದೇ ಬಿಂದುವಿನಿಂದ 5, 7 ಅಥವಾ 9 ಕಿರುಎಲೆಗಳು. ಪ್ರತಿ ಕಿರುಎಲೆಯೂ ಬುಡದವರೆಗೆ ಬೇರೆ, ಅಂಚು ಗರಗಸದಂತೆ. ಹೂವಿಗೆ ಬಣ್ಣದ ದಳಗಳಿಲ್ಲ. ಹೂಗೊಂಚಲು ಅಂಟಂಟು, ಘಾಟು ವಾಸನೆ.

ಪುಂಡಿ: ಇದರ ಶಾಸ್ತ್ರೀಯ ಹೆಸರಾದ ‘ಹೈಬಿಸ್ಕಸ್ ಕ್ಯಾನಬೈನಸ್’ ಎಂಬುದೇ ಎಲೆ ಭಂಗಿಯನ್ನು ಹೋಲುತ್ತದೆಂದು ತಿಳಿಸುತ್ತದೆ. ಆದರೆ ಪುಂಡಿಯದು ಸೀಳಿದ ಒಂದೇ ಎಲೆ, ಬಿಡಿ ಬಿಡಿ ಕಿರುಎಲೆಗಳಲ್ಲ. ಹೂ ದೊಡ್ಡದು, ತಿಳಿಹಳದಿ, ನಡುವೆ ಕಡುಗೆಂಪು. ಎಲೆ ಹುಳಿ.

ಸೆಣಬು: ಉದ್ದನೆಯ ಒಂಟಿ ಎಲೆ, ಅಂಚಿನಲ್ಲಿ ಹಲ್ಲುಗಳಿಲ್ಲ. ಹೂ ಅಚ್ಚ ಹಳದಿ, ಅವರೆ ಹೂವಿನ ಆಕಾರ. ಕಾಯಿ ಉಬ್ಬಿದ್ದು, ಒಣಗಿದಾಗ ಗಿಲಕಿಯಂತೆ ಸದ್ದು ಮಾಡುತ್ತದೆ.

ಎರಡು ಗುಂಟೆಗೆ ಸೆಣಬು ಬಿತ್ತಿರಿ

ಹಿತ್ತಲಿನ ಖಾಲಿ ಜಾಗದಲ್ಲಿ ಸುಲಭವಾಗಿ, ಬೇಗ, ಹೆಚ್ಚು ಆರೈಕೆಯಿಲ್ಲದೆ ಬೆಳೆಯುವ ಗಿಡವೇ ಬೇಕಾದರೆ ಸೆಣಬಿಗಿಂತ ಒಳ್ಳೆಯದಿಲ್ಲ. ಇದು ದ್ವಿದಳ ಜಾತಿಯದು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದಿಡುತ್ತದೆ. ಬೇರುಗಂಟು ಜಂತುಹುಳುಗಳ ಹಾವಳಿಯಿರುವ ತರಕಾರಿ ತಾಕಿನಲ್ಲಿ, ಬೆಳೆ ಪರಿವರ್ತನೆಗೆ ಇದು ಯೋಗ್ಯ.

ಬಿತ್ತನೆ: ಮುಂಗಾರು ಪೂರ್ವ ಮಳೆಯಾದ ಕೂಡಲೇ ಒಂದೆರಡು ಸಲ ಉತ್ತು ಬಿತ್ತಿರಿ. ಹಸಿರೆಲೆ ಗೊಬ್ಬರಕ್ಕೆ ಎಕರೆಗೆ 15ರಿಂದ 20 ಕಿ.ಗ್ರಾಂ. ಬೀಜ ಬೇಕು. ಎರಡು ಗುಂಟೆಗೆ 1 ಕಿ.ಗ್ರಾಂ. ಸಾಕು. ಬೀಜ ಚೆಲ್ಲಿ ಹಲುಬೆ ಹೊಡೆದರೆ ಮಣ್ಣು ಮುಚ್ಚಿಕೊಳ್ಳುತ್ತದೆ. ಆ ತಾಕಿನಲ್ಲಿ ಹಿಂದೆ ಸೆಣಬು ಬೆಳೆದಿರದಿದ್ದರೆ ಬೀಜಕ್ಕೆ ರೈಜೋಬಿಯಂ ಲೇಪಿಸುವುದು ಒಳ್ಳೆಯದು. ನೀರು ನಿಲ್ಲುವ ಜಾಗವನ್ನು ಸೆಣಬು ತಾಳದು. ಅಂತಹ ಕಡೆ ಡಯಾಂಚ ಬಿತ್ತಿರಿ.

ಮಣ್ಣಿಗೆ ಸೇರಿಸುವುದು: 45ರಿಂದ 50 ದಿನಗಳಲ್ಲಿ, ಹೂಮೊಗ್ಗು ಕಾಣುವಾಗ, ಕಾಂಡ ಬಲಿಯುವ ಮೊದಲೇ ಉತ್ತು ಮಣ್ಣಿಗೆ ಸೇರಿಸಿರಿ. ತಡಮಾಡಿದರೆ ಕಾಂಡ ಗಟ್ಟಿಯಾಗಿ ಬೇಗ ಕೊಳೆಯದು. ತರಕಾರಿ ಅಥವಾ ರಾಗಿ ಹಾಕುವುದಾದರೆ ಎರಡು ಮೂರು ವಾರ ಬಿಟ್ಟು ಹಾಕಿರಿ. ಎಕರೆಗೆ 5ರಿಂದ 6 ಟನ್ ಹಸಿರು ಸೊಪ್ಪು ಬಂದಲ್ಲಿ, ಅದರಲ್ಲಿ ಸುಮಾರು 25 ಕಿ.ಗ್ರಾಂ. ಸಾರಜನಕವಿರುತ್ತದೆ. 45 ಕಿ.ಗ್ರಾಂ.ನ ಒಂದು ಚೀಲ ಯೂರಿಯಾದಲ್ಲಿರುವುದು ಸುಮಾರು 21 ಕಿ.ಗ್ರಾಂ. ಸೊಪ್ಪಿನ ಸಾರಜನಕವೆಲ್ಲ ಮೊದಲ ಬೆಳೆಗೇ ಸಿಗುವುದಿಲ್ಲವಾದರೂ ಮಣ್ಣಿನ ಹದ ಸುಧಾರಿಸುವುದು ಹೆಚ್ಚಿನ ಲಾಭ.

ನಾರು: ದನಗಳ ಕಣ್ಣಿ, ಹಗ್ಗಕ್ಕೆ ನಾರು ಬೇಕಿದ್ದರೆ ಒಂದು ಸಾಲನ್ನು ಕೊಯ್ಯದೆ ಬಿಡಿರಿ. ಎಳೆಗಾಯಿ ಬಂದಾಗ ಕೊಯ್ದು, ಎಲೆ ಉದುರಿಸಿ, ಕಟ್ಟು ಕಟ್ಟಿ, ನಿಂತ ನೀರಿನಲ್ಲಿ ನಾಲ್ಕರಿಂದ ಏಳು ದಿನ ಮುಳುಗಿಸಿಡಿರಿ. ಸಿಪ್ಪೆ ಸುಲಭವಾಗಿ ಬಿಟ್ಟುಬಂದಾಗ ಸುಲಿದು ತೊಳೆದು ಒಣಗಿಸಿರಿ. ಕುಡಿಯುವ ನೀರಿನ ಕೆರೆ ಕಟ್ಟೆಗಳಲ್ಲಿ ಇದನ್ನು ಮಾಡಬಾರದು.

ಎಚ್ಚರಿಕೆ: ಸೆಣಬಿನ ಬೀಜದಲ್ಲಿ ವಿಷದ ಅಂಶವಿದೆ. ದನಗಳಿಗಾಗಲಿ ಕೋಳಿಗಳಿಗಾಗಲಿ ಸಿಗದಂತೆ ಇಡಿರಿ.

ನೆನಪಿಡತಕ್ಕ ಅಂಶಗಳು

1. ಪರವಾನಗಿಯಿಲ್ಲದೆ ಭಂಗಿ ಗಿಡದ ಬೇಸಾಯ, ಒಂದೇ ಗಿಡವಾದರೂ, ಅಪರಾಧ.
2. ಬೇರೆ ದೇಶದ ಕಾನೂನು, ಬೇರೆ ರಾಜ್ಯದ ಪರವಾನಗಿ ನಿಮ್ಮ ಹೊಲಕ್ಕೆ ರಕ್ಷಣೆಯಲ್ಲ.
3. ‘ಹೆಂಪ್ ಬೀಜ’ ಎಂದು ಯಾರಾದರೂ ಮಾರಲು ಬಂದರೆ ಯಾವ ಗಿಡದ್ದೆಂದು ಕೇಳಿರಿ. ಬಿತ್ತನೆ ಬೀಜವನ್ನು ರೈತ ಸಂಪರ್ಕ ಕೇಂದ್ರ ಅಥವಾ ಅಧಿಕೃತ ಮಾರಾಟಗಾರರಲ್ಲಿ ಮಾತ್ರ, ರಸೀದಿಯೊಂದಿಗೆ ಕೊಳ್ಳಿರಿ.
4. ಪಾಲಿಗೆ ಕೊಟ್ಟ ಹೊಲವನ್ನೂ ಆಗಾಗ ನೋಡುತ್ತಿರಿ.

ಆ ಯುವ ರೈತರಿಗೆ ನಾನು ಇಷ್ಟನ್ನೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾಲ್ಕು ಗಿಡಕ್ಕೆ ಹತ್ತು ವರ್ಷವೇ ಸಾರ್?” ಎಂದರು. ಹತ್ತು ವರ್ಷದವರೆಗೆ ಆಗಬಹುದು ಎಂದೆ. ಹೊರಡುವಾಗ ಒಂದು ಕಿಲೋ ಸೆಣಬಿನ ಬೀಜ ಎಲ್ಲಿ ಸಿಗುತ್ತದೆಂದು ಕೇಳಿ ಬರೆದುಕೊಂಡರು. ಕೇಳದೆ ಬಿತ್ತುವುದಕ್ಕಿಂತ, ಬಿತ್ತುವ ಮೊದಲು ಕೇಳಿದ್ದು ಅವರ ಜಾಣತನ. ನಿಮಗೂ ಸಂದೇಹವಿದ್ದರೆ, ಸಂಕೋಚಪಡದೆ ನಿಮ್ಮ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿರಿ.