ಹೊಸ ಚಿಕ್ಕ ಕಾರಿನ ಖರೀದಿ: ದರಪಟ್ಟಿಯನ್ನು ಬಿಡಿಸಿ ಓದುವ ಕ್ರಮ

ಯಶವಂತಪುರದ ಕೃಷಿ ಮಾರುಕಟ್ಟೆ ಪ್ರಾಂಗಣದಲ್ಲಿ ಬೇಳೆಕಾಳಿನ ಮೂಟೆಯೊಂದಕ್ಕೆ ಐದು ರೂಪಾಯಿಯ ವ್ಯತ್ಯಾಸಕ್ಕಾಗಿ ಅರ್ಧ ಗಂಟೆ ಮಾತನಾಡುವ ವರ್ತಕರು ನಮ್ಮಲ್ಲಿದ್ದಾರೆ. ಪೀಣ್ಯದ ಕಾರ್ಖಾನೆಯಲ್ಲಿ ಬಿಡಿಭಾಗವೊಂದರ ಜಾಬ್‌ವರ್ಕ್ ದರವನ್ನು ಪೈಸೆಯ ಲೆಕ್ಕದಲ್ಲಿ ನಿಗದಿಪಡಿಸುವ ಉದ್ಯಮಿಗಳೂ ಇದ್ದಾರೆ. ಆದರೆ ಇವರೇ ಕಾರಿನ ಮಳಿಗೆಯಲ್ಲಿ ಕುಳಿತಾಗ ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಕೊನೆಗೆ ಎಷ್ಟಕ್ಕೆ ಕೊಡುತ್ತೀರಿ?" ಎಂಟು-ಒಂಬತ್ತು ಲಕ್ಷ ರೂಪಾಯಿಗಳ ವ್ಯವಹಾರ ಈ ಒಂದು ಪ್ರಶ್ನೆಯಲ್ಲಿ ಮುಗಿದುಹೋಗುತ್ತದೆ. ಒಟ್ಟು ಮೊತ್ತವನ್ನು ಮಾತ್ರ ನೋಡಿ ಚೌಕಾಸಿ ಮಾಡುವವರು ಒಂದು ಕಡೆ ಗಳಿಸಿದ್ದನ್ನು ಮತ್ತೊಂದು ಕಡೆ ಕಳೆದುಕೊಳ್ಳುತ್ತಾರೆ. ದರಪಟ್ಟಿಯ ಪ್ರತಿಯೊಂದು ಸಾಲನ್ನೂ ಬೇರ್ಪಡಿಸಿ ಓದುವ ಕ್ರಮವನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲಾಗಿದೆ.

1. ಹಿನ್ನೆಲೆ

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಾಗ ಗ್ರಾಹಕರು ಮುಂಗಡ ಕಟ್ಟಿ ಸರದಿಗಾಗಿ ಕಾಯಬೇಕಾಗಿತ್ತು. ಅಂದು ಚೌಕಾಸಿಯ ಮಾತೇ ಇರಲಿಲ್ಲ. ಉದಾರೀಕರಣದ ನಂತರ ಅನೇಕ ತಯಾರಕರು ಬಂದು, ಗ್ರಾಹಕನಿಗೆ ಆಯ್ಕೆಯೂ ಅದರೊಂದಿಗೆ ಮಾತುಕತೆಯ ಬಲವೂ ದೊರೆತವು.

'ಚಿಕ್ಕ ಕಾರು' ಎಂಬುದಕ್ಕೆ ತೆರಿಗೆಯ ದೃಷ್ಟಿಯಿಂದ ನಿಶ್ಚಿತ ವ್ಯಾಖ್ಯೆ ದೊರೆತದ್ದು 2006ರ ಕೇಂದ್ರ ಮುಂಗಡಪತ್ರದಲ್ಲಿ. 4 ಮೀಟರ್ ಮೀರದ ಉದ್ದ, ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ಮೀರದ ಎಂಜಿನ್ ಇರುವ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಲಾಯಿತು. ಮುಂದೆ ಸರಕು ಮತ್ತು ಸೇವಾ ತೆರಿಗೆಯಲ್ಲಿಯೂ ಇದೇ ಅಳತೆ ಉಳಿಯಿತು. 2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದು, ಮೇಲಿನ ಪರಿಹಾರ ಸೆಸ್ ರದ್ದಾಯಿತು. ಮೂಲಬೆಲೆ 5,00,000 ರೂ. ಇರುವ ಪೆಟ್ರೋಲ್ ಕಾರಿಗೆ ಹಿಂದೆ ಶೇ. 29ರ ತೆರಿಗೆ ಸೇರಿ 6,45,000 ರೂ. ಆಗುತ್ತಿದ್ದರೆ, ಈ ಇಳಿಕೆಯಿಂದ 5,90,000 ರೂ. ಆಯಿತು. ಆದ್ದರಿಂದ ಮಾರಾಟಗಾರನು ಹಳೆಯ ಬೆಲೆಯನ್ನು ಪಕ್ಕದಲ್ಲಿ ಬರೆದು ತೋರಿಸಿದರೆ ಅದನ್ನು ಅವನ ರಿಯಾಯಿತಿಯೆಂದು ಭಾವಿಸಬಾರದು. ತೆರಿಗೆ ಇಳಿಸಿದ್ದು ಸರ್ಕಾರ. ಮಾತುಕತೆ ಆರಂಭವಾಗಬೇಕಾದದ್ದು ಇಳಿದ ಬೆಲೆಯಿಂದ.

2. ದರಪಟ್ಟಿಯ ಎರಡು ಭಾಗಗಳು

ಯಾವುದೇ ಕೊಟೇಶನ್ ಕೈಗೆ ಬಂದೊಡನೆ ಅದರ ಸಾಲುಗಳನ್ನು ಎರಡು ಭಾಗ ಮಾಡಿಕೊಳ್ಳಬೇಕು.

ಮೊದಲನೆಯದು ಕಾನೂನಿನಿಂದ ನಿಗದಿಯಾದದ್ದು: ಜಿ.ಎಸ್.ಟಿ., ರಾಜ್ಯದ ಜೀವಿತಾವಧಿ ತೆರಿಗೆ ಮತ್ತು ಅದರ ಮೇಲಿನ ಉಪಕರ, ನೋಂದಣಿ ಶುಲ್ಕ, ಮೂರನೇ ವ್ಯಕ್ತಿಯ ವಿಮಾ ಕಂತು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷಗಳ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯವಾಗಿದೆ. ಇವುಗಳಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಹೆಬ್ಬಾಳದಲ್ಲಿ ಕೊಂಡರೂ ತುಮಕೂರು ರಸ್ತೆಯಲ್ಲಿ ಕೊಂಡರೂ, ಯಲಹಂಕದಲ್ಲಿ ಕೆಎ-50 ಎಂದು ನೋಂದಾಯಿಸಿದರೂ ಯಶವಂತಪುರದಲ್ಲಿ ಕೆಎ-04 ಎಂದು ನೋಂದಾಯಿಸಿದರೂ ತೆರಿಗೆಯ ದರ ಒಂದೇ. ಎರಡು ಮಳಿಗೆಗಳ ಕೊಟೇಶನ್‌ನಲ್ಲಿ ಒಂದೇ ಕಾರಿಗೆ ಈ ಸಾಲುಗಳು ಬೇರೆಬೇರೆಯಾಗಿದ್ದರೆ ಕಾರಣ ಕೇಳಬೇಕು.

ಎರಡನೆಯದು ಮಾರಾಟಗಾರನ ಕೈಯಲ್ಲಿರುವುದು: ಎಕ್ಸ್ ಶೋರೂಂ ಬೆಲೆಯ ಮೇಲಿನ ರಿಯಾಯಿತಿ, ಸ್ವಂತ ಹಾನಿಯ ವಿಮೆ, ಬಿಡಿ ಅಲಂಕರಣಗಳ ಕಿಟ್, ವಿಸ್ತರಿತ ವಾರಂಟಿ, ಹಳೆಯ ಕಾರಿನ ವಿನಿಮಯ ಬೆಲೆ, 'ಹ್ಯಾಂಡ್ಲಿಂಗ್' ಅಥವಾ 'ಲಾಜಿಸ್ಟಿಕ್ಸ್' ಶುಲ್ಕ. ಈ ಕೊನೆಯದು ಸರ್ಕಾರಕ್ಕೆ ಸಲ್ಲುವ ಶುಲ್ಕವಲ್ಲ. ಅದನ್ನು ತೆಗೆಯುವಂತೆ ನಿಸ್ಸಂಕೋಚವಾಗಿ ಕೇಳಬಹುದು. ಅತಿ ಸುರಕ್ಷಿತ ನೋಂದಣಿ ಫಲಕವು 2019ರ ಏಪ್ರಿಲ್ 1ರಿಂದ ಹೊಸ ವಾಹನದ ಜೊತೆಯಲ್ಲಿಯೇ ಬರುತ್ತಿದೆ. ಅದಕ್ಕೆ ಪ್ರತ್ಯೇಕ ಮೊತ್ತ ಬರೆದಿದ್ದರೆ ವಿವರಣೆ ಕೇಳುವುದು ಯುಕ್ತ.

ವಿಮೆಯನ್ನು ಮಳಿಗೆಯಲ್ಲಿಯೇ ಮಾಡಿಸಬೇಕೆಂಬ ನಿರ್ಬಂಧವಿಲ್ಲ. ಹೊರಗಿನ ಎರಡು ಕಂಪನಿಗಳ ದರ ತರಿಸಿ ತೋರಿಸಿದರೆ ಮಳಿಗೆಯ ದರವೂ ಅನೇಕ ವೇಳೆ ಇಳಿಯುತ್ತದೆ. ಆದರೆ ಹೋಲಿಕೆ ಸಮವಾಗಿರಬೇಕು: ವಿಮೆಯಲ್ಲಿ ಘೋಷಿಸಿದ ವಾಹನ ಮೌಲ್ಯವೂ 'ಜೀರೋ ಡಿಪ್ರಿಸಿಯೇಷನ್' ಮೊದಲಾದ ಸೌಲಭ್ಯಗಳೂ ಒಂದೇ ಆಗಿರಬೇಕು. ಮೌಲ್ಯವನ್ನು ತಗ್ಗಿಸಿ ಕಂತು ಕಡಿಮೆ ತೋರಿಸುವುದು ಉಳಿತಾಯವಲ್ಲ. ಹಳೆಯ ಕಾರಿನ ಮೇಲೆ ಗಳಿಸಿದ 'ನೋ ಕ್ಲೇಮ್ ಬೋನಸ್' ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ಅದು ಶೇ. 20ರಿಂದ 50ರವರೆಗೆ ಇರಬಹುದು ಮತ್ತು ಹೊಸ ಕಾರಿನ ಸ್ವಂತ ಹಾನಿಯ ಕಂತಿನಲ್ಲಿ ಕಡಿತವಾಗುತ್ತದೆ. ಹಳೆಯ ಕಾರು ಸ್ವಂತ ಹೆಸರಿನಲ್ಲಿದ್ದು ಹೊಸದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿ ಕೊಂಡರೆ ಈ ಲಾಭ ದೊರೆಯದು.

3. ಒಂದು ಉದಾಹರಣೆ

ಎಕ್ಸ್ ಶೋರೂಂ ಬೆಲೆ 7,50,000 ರೂ. ಇರುವ ಕಾರಿಗೆ ಎರಡು ಕೊಟೇಶನ್‌ಗಳು ಬಂದಿವೆಯೆಂದು ಭಾವಿಸೋಣ. ನಿಗದಿತ ಬಾಬ್ತುಗಳು ಎರಡರಲ್ಲೂ 1,30,000 ರೂ., ವಿಸ್ತರಿತ ವಾರಂಟಿ ಎರಡರಲ್ಲೂ 15,000 ರೂ.

ಮೊದಲ ಮಳಿಗೆ: ರಿಯಾಯಿತಿ 20,000, ಸ್ವಂತ ಹಾನಿಯ ವಿಮೆ 32,000, ಅಲಂಕರಣ ಕಿಟ್ 18,000, ಹ್ಯಾಂಡ್ಲಿಂಗ್ 8,500. ಆನ್ ರೋಡ್ ಬೆಲೆ 9,33,500 ರೂ.

ಎರಡನೆಯ ಮಳಿಗೆ: ರಿಯಾಯಿತಿ 10,000, ಅದೇ ಸೌಲಭ್ಯಗಳ ವಿಮೆ 22,000, ಕಿಟ್ ಇಲ್ಲ, ಹ್ಯಾಂಡ್ಲಿಂಗ್ ಇಲ್ಲ. ಆನ್ ರೋಡ್ ಬೆಲೆ 9,07,000 ರೂ.

ರಿಯಾಯಿತಿಯನ್ನು ಮಾತ್ರ ನೋಡಿದವರಿಗೆ ಮೊದಲ ಮಳಿಗೆ ಉದಾರವಾಗಿ ಕಾಣುತ್ತದೆ. ವಾಸ್ತವವಾಗಿ ಅದು 26,500 ರೂ. ದುಬಾರಿ. ಕಿಟ್ ನಮಗೆ ಬೇಕಾದದ್ದೇ ಎಂದು ಅದರ ಬೆಲೆಯನ್ನು ಬಿಟ್ಟು ಲೆಕ್ಕ ಹಾಕಿದರೂ 8,500 ರೂ. ಹೆಚ್ಚು. ಇನ್ನೊಂದು ಅಂಶ: 'ಉಚಿತ ಅಲಂಕರಣ'ಗಳಿಗಿಂತ ಇನ್‌ವಾಯ್ಸ್‌ನಲ್ಲಿ ನಮೂದಾಗುವ ರಿಯಾಯಿತಿ ಉತ್ತಮ. ಮಾರಾಟದ ಸಮಯದಲ್ಲಿ ಇನ್‌ವಾಯ್ಸ್‌ನಲ್ಲಿಯೇ ಕಳೆದ ರಿಯಾಯಿತಿಯ ಮೇಲೆ ಜಿ.ಎಸ್.ಟಿ. ಬೀಳುವುದಿಲ್ಲ. 'ಇಪ್ಪತ್ತು ಸಾವಿರ ಬೆಲೆಯ' ಕಿಟ್ ಮಾರಾಟಗಾರನಿಗೆ ಅಷ್ಟು ಬೆಲೆಗೆ ಬಿದ್ದಿರುವುದಿಲ್ಲವೆಂಬುದನ್ನು ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

4. ಹತ್ತು ಲಕ್ಷದ ಗೆರೆ

ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲಿಯೇ ಹೆಚ್ಚಿನ ದರಗಳಲ್ಲೊಂದು. 2025ರಲ್ಲಿ ಜಾರಿಯಲ್ಲಿದ್ದಂತೆ ಪೆಟ್ರೋಲ್ ಹಾಗೂ ಡೀಸೆಲ್ ಕಾರುಗಳಿಗೆ 5 ಲಕ್ಷ ರೂ.ವರೆಗೆ ಶೇ. 13, 5ರಿಂದ 10 ಲಕ್ಷಕ್ಕೆ ಶೇ. 14, 10ರಿಂದ 20 ಲಕ್ಷಕ್ಕೆ ಶೇ. 17, ಅದಕ್ಕೂ ಮೇಲೆ ಶೇ. 18, ಇದರ ಮೇಲೆ ಉಪಕರ. ದರಗಳು ಪರಿಷ್ಕರಣೆಗೊಳ್ಳುವುದರಿಂದ ಖರೀದಿಯ ದಿನದ ದರವನ್ನು ಪರಿಶೀಲಿಸಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದದ್ದು, ಗೆರೆ ದಾಟಿದರೆ ಹೆಚ್ಚಿನ ದರ ಪೂರ್ಣ ಬೆಲೆಗೆ ಅನ್ವಯಿಸುತ್ತದೆ ಎಂಬುದು. 9,95,000 ರೂ. ಕಾರಿಗೆ ಶೇ. 14ರಂತೆ 1,39,300 ರೂ. ತೆರಿಗೆ. 10,05,000 ರೂ. ಕಾರಿಗೆ ಶೇ. 17ರಂತೆ 1,70,850 ರೂ. ಬೆಲೆಯ ವ್ಯತ್ಯಾಸ 10,000, ತೆರಿಗೆಯ ವ್ಯತ್ಯಾಸ 31,550, ಉಪಕರ ಬೇರೆ. 10 ಲಕ್ಷ ಮೀರಿದ ಕಾರಿಗೆ ಶೇ. 1ರ ಆದಾಯ ತೆರಿಗೆಯನ್ನೂ ಮಾರಾಟಗಾರ ಸಂಗ್ರಹಿಸುತ್ತಾನೆ. ಇದು ಮುಂದೆ ನಮ್ಮ ತೆರಿಗೆಯಲ್ಲಿ ಹೊಂದಾಣಿಕೆಯಾಗುತ್ತದೆಯಾದರೂ ಸದ್ಯಕ್ಕೆ ಬಂಡವಾಳ ತಡೆಹಿಡಿದಂತೆ. ಆದ್ದರಿಂದ ಗೆರೆಯ ಸಮೀಪದ ಕಾರನ್ನು ಆರಿಸುವವರು ಒಂದು ಮೆಟ್ಟಿಲು ಕೆಳಗಿನ ಮಾದರಿಯನ್ನು ಮೊದಲು ನೋಡಬೇಕು. ತೆರಿಗೆಯನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಲಾಗಿದೆ ಎಂಬುದನ್ನು ಕೊಟೇಶನ್‌ನಲ್ಲಿಯೇ ಬರೆಸಿಕೊಳ್ಳಬೇಕು.

5. ಸಾಲದ ಬಡ್ಡಿ

"ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?" ಎಂಬ ಪ್ರಶ್ನೆಗೆ ಆರಂಭದಲ್ಲಿಯೇ ಉತ್ತರಿಸಬಾರದು. ಅವಧಿಯನ್ನು ಹಿಗ್ಗಿಸಿ ಯಾವ ಬೆಲೆಯನ್ನಾದರೂ ಆ ಕಂತಿಗೆ ಹೊಂದಿಸಬಹುದು. 'ಫ್ಲಾಟ್' ಬಡ್ಡಿಯೂ ಮೋಸಗೊಳಿಸುವಂಥದು. 5 ಲಕ್ಷ ರೂ. ಸಾಲಕ್ಕೆ ಐದು ವರ್ಷ ಶೇ. 6ರ ಫ್ಲಾಟ್ ಬಡ್ಡಿಯೆಂದರೆ ಬಡ್ಡಿ 1,50,000 ರೂ., ಕಂತು 10,833 ರೂ. ಇಳಿಯುವ ಬಾಕಿಯ ಲೆಕ್ಕದಲ್ಲಿ ಇದು ಶೇ. 10.8ಕ್ಕೂ ತುಸು ಮೇಲಾಗುತ್ತದೆ. 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ಕೊಡಬೇಕು. ಅದನ್ನು ಕೇಳಿ ಪಡೆದು, ತಾವು ವ್ಯವಹರಿಸುವ ಬ್ಯಾಂಕಿನ ದರದೊಡನೆ ಹೋಲಿಸಬೇಕು.

ಸಾಲ ಮಾಡಿಸಿಕೊಟ್ಟರೆ ಮಳಿಗೆಗೆ ಕಮಿಷನ್ ಬರುವುದುಂಟು. ಆದ್ದರಿಂದ "ಪೂರ್ತಿ ಹಣ ಒಮ್ಮೆಗೇ ಕೊಡುತ್ತೇನೆ" ಎಂಬ ಮಾತು ನಮ್ಮ ಅಂಗಡಿಗಳಲ್ಲಿ ತರುವಷ್ಟು ರಿಯಾಯಿತಿಯನ್ನು ಅಲ್ಲಿ ತಾರದು. ಬೆಲೆ ತೀರ್ಮಾನವಾಗುವವರೆಗೆ ಹಣದ ಮೂಲವನ್ನು ಹೇಳದಿರುವುದೇ ಜಾಣತನ.

6. ಕಾಲನಿರ್ಣಯ

ಶ್ರಾವಣದ ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ಮಳಿಗೆಗಳು ತುಂಬಿರುತ್ತವೆ. ಆಯುಧಪೂಜೆಯ ಹಿಂದಿನ ದಿನ ಚೌಕಾಸಿಗೆ ಕುಳಿತವನಿಗೆ ಬಲವಿಲ್ಲ. ಬದಲಾಗಿ ನಮ್ಮ ಪದ್ಧತಿಯಲ್ಲಿ ಹೊಸ ವಸ್ತುವಿನ ಖರೀದಿಗೆ ಹಿಂಜರಿಯುವ ಆಷಾಢ ಹಾಗೂ ಧನುರ್ಮಾಸಗಳು ಗ್ರಾಹಕನಿಗೆ ಅನುಕೂಲ. ಧನುರ್ಮಾಸ ಆರಂಭವಾಗುವ ಡಿಸೆಂಬರ್‌ನಲ್ಲಿ ವರ್ಷ ಬದಲಾಗುವ ಮುನ್ನ ದಾಸ್ತಾನು ಕರಗಿಸುವ ತವಕವೂ ಮಳಿಗೆಗಿರುತ್ತದೆ. ಸಂಪ್ರದಾಯವನ್ನು ಬಿಡಲಾಗದವರು ಆಷಾಢದಲ್ಲಿ ಬೆಲೆ ನಿಶ್ಚಯಿಸಿ ಶ್ರಾವಣದಲ್ಲಿ ಕಾರು ಪಡೆಯಬಹುದು. ಆದರೆ ಬುಕಿಂಗ್ ನಮೂನೆಯಲ್ಲಿ 'ವಿತರಣೆಯ ದಿನದ ಬೆಲೆ ಅನ್ವಯ' ಎಂಬ ಷರತ್ತು ಸಾಮಾನ್ಯ. ಒಪ್ಪಿದ ರಿಯಾಯಿತಿ ವಿತರಣೆಯ ದಿನವೂ ಉಳಿಯುತ್ತದೆಂದು ಬರೆಸಿಕೊಳ್ಳದಿದ್ದರೆ ಈ ಉಪಾಯ ಫಲಿಸದು.

ವರ್ಷಾಂತ್ಯದ ಕಾರು ಮರುಮಾರಾಟದಲ್ಲಿ ಒಂದು ವರ್ಷ ಹಳೆಯದೆನಿಸುತ್ತದೆ. ಎಂಟು-ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದು ಗೌಣ. ಮೂರು ವರ್ಷಕ್ಕೆ ಬದಲಿಸುವವರಿಗೆ ಮುಖ್ಯ. ಪೂರ್ಣ ಹಣ ಕಟ್ಟುವ ಮೊದಲು ಚಾಸಿ ಸಂಖ್ಯೆ ಪಡೆದು ತಯಾರಿಕೆಯ ತಿಂಗಳನ್ನು ಖಚಿತಪಡಿಸಿಕೊಳ್ಳಬೇಕು.

7. ಸಂಸ್ಥೆಯ ಲೆಕ್ಕಪುಸ್ತಕ

ಸಂಸ್ಥೆಯ ಹೆಸರಿನಲ್ಲಿ ಕೊಂಡರೆ ಜಿ.ಎಸ್.ಟಿ. ಮರಳಿ ದೊರೆಯುತ್ತದೆಂಬ ಭಾವನೆ ವ್ಯಾಪಕವಾಗಿದೆ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಕ್ಕೆ, ಕಾರು ಮಾರಾಟ, ಪ್ರಯಾಣಿಕ ಸಾಗಣೆ ಮತ್ತು ಚಾಲನಾ ತರಬೇತಿಯ ವ್ಯವಹಾರಗಳ ಹೊರತು, ಹೂಡುವಳಿ ತೆರಿಗೆಯ ಜಮೆ ಇಲ್ಲ. ಸರಕು ಸಾಗಣೆ ವಾಹನಕ್ಕೆ ಉಂಟು. ಆದ್ದರಿಂದ ಓಡಾಟಕ್ಕಿಂತ ಮಾಲಿನ ಸಾಗಣೆಯೇ ಹೆಚ್ಚಾಗಿರುವವರು ಕಾರಿನ ಬದಲು ಚಿಕ್ಕ ಸರಕು ವಾಹನವನ್ನು ಪರಿಶೀಲಿಸುವುದು ಒಳಿತು.

ಸವಕಳಿ ವರ್ಷಕ್ಕೆ ಶೇ. 15. ಆ ಹಣಕಾಸು ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದರೆ 8 ಲಕ್ಷ ರೂ. ಕಾರಿಗೆ ಸೆಪ್ಟೆಂಬರ್‌ನಲ್ಲಿ 1,20,000 ರೂ., ಡಿಸೆಂಬರ್‌ನಲ್ಲಿ 60,000 ರೂ. ಉಳಿದದ್ದು ನಷ್ಟವಾಗದು, ಮುಂದಿನ ವರ್ಷಗಳಿಗೆ ಹೋಗುತ್ತದೆ. ಆದ್ದರಿಂದ ಡಿಸೆಂಬರ್‌ನ ನೈಜ ರಿಯಾಯಿತಿಯನ್ನು ಕೇವಲ ಸವಕಳಿಗಾಗಿ ಬಿಡಬೇಕಾಗಿಲ್ಲ. ಪಾವತಿಯನ್ನು ಬ್ಯಾಂಕಿನ ಮೂಲಕವೇ ಮಾಡಬೇಕು: ಒಂದು ದಿನದಲ್ಲಿ 10,000 ರೂ. ಮೀರಿ ನಗದಾಗಿ ಕೊಟ್ಟ ಮೊತ್ತ ಆಸ್ತಿಯ ವೆಚ್ಚವೆಂದು ಪರಿಗಣನೆಯಾಗದು, ಅದಕ್ಕೆ ಸವಕಳಿಯೂ ಸಿಗದು.

8. ಮಾತುಕತೆಯ ಕ್ರಮ

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು.

(ಅ) ಮಾದರಿ, ಬಣ್ಣ, ಎಂಜಿನ್ ಮೊದಲೇ ನಿರ್ಧರಿಸಿ, ಬಳ್ಳಾರಿ ರಸ್ತೆ ಹಾಗೂ ತುಮಕೂರು ರಸ್ತೆಗಳ ಕನಿಷ್ಠ ಮೂರು ಮಳಿಗೆಗಳಿಂದ ಸಾಲುವಾರು ಲಿಖಿತ ಕೊಟೇಶನ್ ಪಡೆಯುವುದು.
(ಆ) ಮೊದಲು ಹೊಸ ಕಾರಿನ ಬೆಲೆ, ಅನಂತರ ವಿಮೆ, ಅನಂತರ ಹಳೆಯ ಕಾರು, ಕೊನೆಗೆ ಸಾಲ. ಇವನ್ನು ಬೆರೆಸದೆ ಒಂದೊಂದಾಗಿ ತೀರ್ಮಾನಿಸುವುದು.
(ಇ) ಹಳೆಯ ಕಾರಿಗೆ ಹೊರಗಿನ ಬೆಲೆಯನ್ನು ಮುಂಚೆಯೇ ತಿಳಿದಿರುವುದು.
(ಈ) ಒಪ್ಪಿದ ಎಲ್ಲವನ್ನೂ ಬುಕಿಂಗ್ ನಮೂನೆಯಲ್ಲಿ ಬರೆಸಿ, ಸಹಿ ಮತ್ತು ಮೊಹರು ಪಡೆಯುವುದು. ಬುಕಿಂಗ್ ರದ್ದಾದರೆ ಮುಂಗಡ ಹಿಂದಿರುಗುವ ಷರತ್ತನ್ನು ಓದುವುದು.
(ಉ) ಅಂದೇ ತೀರ್ಮಾನಿಸಬೇಕೆಂದು ಒತ್ತಾಯಿಸಿದರೆ ಎದ್ದು ಬರಲು ಸಿದ್ಧರಿರುವುದು.

ಮಳಿಗೆಯವನೂ ನಮ್ಮಂತೆ ವರ್ತಕನೇ. ಅವನಿಗೂ ಬಾಡಿಗೆ, ಸಂಬಳ, ದಾಸ್ತಾನಿನ ಬಡ್ಡಿಯ ಹೊರೆಯಿದೆ. ಅವನ ನ್ಯಾಯವಾದ ಲಾಭಕ್ಕೆ ನಾವು ಆಕ್ಷೇಪಿಸಬೇಕಾಗಿಲ್ಲ. ಕೊಡುವ ಪ್ರತಿ ರೂಪಾಯಿ ಯಾವುದಕ್ಕೆ ಸಲ್ಲುತ್ತಿದೆ ಎಂಬುದನ್ನು ತಿಳಿದು ಕೊಡುವುದಷ್ಟೇ ನಮ್ಮ ಕೆಲಸ. ಕಚ್ಚಾಮಾಲಿನ ಬಿಲ್ಲನ್ನು ನಾವು ದಿನವೂ ಓದುವ ರೀತಿಯಲ್ಲಿಯೇ ಕಾರಿನ ಬಿಲ್ಲನ್ನೂ ಓದಿದರೆ ಸಾಕು.