ಜನಮೆಚ್ಚುಗೆ ಸಮೀಕ್ಷೆ ಮತ್ತು ಚುನಾವಣಾ ಮುನ್ಸೂಚನೆ

ಅರ್ಥ: ಅಧಿಕಾರದಲ್ಲಿರುವವರ ಕೆಲಸವನ್ನು ಎಷ್ಟು ಶೇಕಡಾ ಜನ ಒಪ್ಪುತ್ತಾರೆ ಎಂಬ ಅಳತೆ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಇದಕ್ಕೆ ಹೆಸರುವಾಸಿ.

ಸಾಮಾನ್ಯ ಸೂತ್ರ: ಮರುಸ್ಪರ್ಧಿಸುವ ಅಧ್ಯಕ್ಷರ ಮೆಚ್ಚುಗೆ ಶೇ 50 ದಾಟಿದ್ದರೆ ಗೆಲುವಿನ ಸಾಧ್ಯತೆ ಹೆಚ್ಚು. ಹಾಗಿದ್ದ ರೇಗನ್ 1984ರಲ್ಲಿ ಗೆದ್ದರು. ಶೇ 40ಕ್ಕಿಂತ ಕೆಳಗಿದ್ದ ಕಾರ್ಟರ್ 1980ರಲ್ಲಿ ಸೋತರು.

ಮಿತಿ: ಸಮಯ ಮುಖ್ಯ. ಕೊಲ್ಲಿ ಯುದ್ಧದ ಬಳಿಕ, 1991ರಲ್ಲಿ, ಶೇ 89 ಮೆಚ್ಚುಗೆ ಪಡೆದಿದ್ದ ಜಾರ್ಜ್ ಎಚ್. ಡಬ್ಲ್ಯು. ಬುಷ್ 1992ರಲ್ಲಿ ಸೋತರು.

ಭಾರತ: ರಾಷ್ಟ್ರಪತಿಯದು ಪರೋಕ್ಷ ಚುನಾವಣೆ (ವಿಧಿ 54); ಈ ಸೂತ್ರ ಅನ್ವಯಿಸದು. ಮತಗಟ್ಟೆ ಸಮೀಕ್ಷೆಗೆ ನಿರ್ಬಂಧ: ಜನಪ್ರತಿನಿಧಿ ಕಾಯ್ದೆ 1951, ಕಲಂ 126ಎ.

ಸ್ಥಳೀಯ ಉದಾಹರಣೆ: ಮಸ್ಕಿ (ಪರಿಶಿಷ್ಟ ಪಂಗಡ ಮೀಸಲು) ವಿಧಾನಸಭಾ ಕ್ಷೇತ್ರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಕೇವಲ 213 ಮತಗಳಿಂದ ಗೆದ್ದರು. ಇಂಥ ಅಂತರ ಯಾವ ಸಮೀಕ್ಷೆಯ ಅಳತೆಗೂ ಸಿಗದು. 2021ರ ಉಪಚುನಾವಣೆಯಲ್ಲಿ ಪಾಟೀಲ ಮತ್ತು 2018ರ ಅವರ ಎದುರಾಳಿ ಬಸನಗೌಡ ತುರ್ವಿಹಾಳ ಇಬ್ಬರೂ ಪಕ್ಷ ಬದಲಿಸಿ ಎದುರಾದರು; ಕಾಂಗ್ರೆಸ್ಸಿನ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು.

ಪ್ರಶ್ನೆ: ಮತಗಟ್ಟೆ ಸಮೀಕ್ಷೆಯನ್ನು ನಿರ್ಬಂಧಿಸುವ ಕಲಂ ಯಾವುದು?
ಅ) 8 ಆ) 29ಎ ಇ) 123 ಈ) 126ಎ
ಉತ್ತರ: ಈ